ಲೋಹ, ಬೆಳಕು ಮತ್ತು ಎಲ್ಲೋ ಹೋದ ತೂಕ

ಕೊಡವರ ಪೀಚೆಕತ್ತಿಯ ಒರೆಗೆ ಕಟ್ಟಿದ ಬೆಳ್ಳಿ ಬಿಳಿ, ಕೊಕ್ಕೆತಾತಿ ಸರದ ಚಿನ್ನ ಹಳದಿ. ಇದರಲ್ಲಿ ಕೇಳುವುದೇನಿದೆ ಅನ್ನಿಸಬಹುದು. ಎಣಿಸಲು ಕೂತರೆ ಪ್ರಶ್ನೆ ಏಳುತ್ತದೆ. ಬೆಳ್ಳಿಯ ಒಂದೊಂದು ಪರಮಾಣುವೂ ಲೋಹದಲ್ಲಿ ಓಡಾಡಲು ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಚಿನ್ನವೂ ಅಷ್ಟೇ. ಒಂದು ಘನ ಸೆಂಟಿಮೀಟರಿನಲ್ಲಿ ಬೆಳ್ಳಿಗೆ ಸುಮಾರು 5.86×10²² ಎಲೆಕ್ಟ್ರಾನ್, ಚಿನ್ನಕ್ಕೆ 5.90×10²². ಹೆಚ್ಚುಕಮ್ಮಿ ಒಂದೇ. ಓಡಾಡುವ ಎಲೆಕ್ಟ್ರಾನ್‌ಗಳ ಸಂಖ್ಯೆಯೇ ಬಣ್ಣವನ್ನು ನಿರ್ಧರಿಸುವುದಾಗಿದ್ದರೆ ಎರಡೂ ಒಂದೇ ಥರ ಕಾಣಬೇಕಿತ್ತು.

ಈ ಎಲೆಕ್ಟ್ರಾನ್‌ಗಳು ಬೆಳಕಿಗೆ ಒಬ್ಬೊಬ್ಬರಾಗಿ ಉತ್ತರ ಕೊಡುವುದಿಲ್ಲ. ಬೆಳಕಿನ ವಿದ್ಯುತ್ ಕ್ಷೇತ್ರ ಎಳೆದಾಗ ಇಡೀ ಗುಂಪು ಒಟ್ಟಿಗೆ ಒಂದು ಕಡೆ ವಾಲುತ್ತದೆ, ಹಿಂದೆ ಉಳಿದ ಧನ ವಿದ್ಯುದಂಶ ಅದನ್ನು ವಾಪಸ್ ಎಳೆಯುತ್ತದೆ. ಗುಂಪಿನ ಈ ತೂಗಾಟಕ್ಕೆ ತನ್ನದೇ ಒಂದು ಆವರ್ತನ ಇದೆ. ಅದೇ ಪ್ಲಾಸ್ಮಾ ಆವರ್ತನ. ಅದಕ್ಕಿಂತ ನಿಧಾನವಾಗಿ ಕಂಪಿಸುವ ಬೆಳಕನ್ನು ಗುಂಪು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಅಟ್ಟುತ್ತದೆ. ಲೋಹದ ಹೊಳಪು ಎಂದರೆ ಇದೇ. ಎಲೆಕ್ಟ್ರಾನ್ ಸಾಂದ್ರತೆಯೊಂದರಿಂದಲೇ ಲೆಕ್ಕ ಹಾಕಿದರೆ ಬೆಳ್ಳಿಗೂ ಚಿನ್ನಕ್ಕೂ ಈ ಗಡಿ 9 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬರುತ್ತದೆ (ಇದು ಶಕ್ತಿಯ ಅಳತೆ; ಬೆಳಕು ಬೇಗ ಕಂಪಿಸಿದಷ್ಟೂ ಅದರ ಶಕ್ತಿ ಹೆಚ್ಚು). ಕಣ್ಣಿಗೆ ಕಾಣುವ ಬೆಳಕು ಇರುವುದು ಸುಮಾರು 1.6ರಿಂದ 3.1ರ ಒಳಗೆ. ಹಾಗಾಗಿ ಎರಡೂ ಬೆಳ್ಳಗೇ ಇರಬೇಕಿತ್ತು.

ಬಣ್ಣ ಕೆಡಿಸುವವರು, ಅಥವಾ ಕೊಡುವವರು, ಪರಮಾಣುವಿನ ಒಳಗಿನ ಡಿ ಕಕ್ಷೆಯಲ್ಲಿರುವ ಡಿ-ಎಲೆಕ್ಟ್ರಾನ್‌ಗಳು. ಚಿನ್ನದಲ್ಲಿ ಇವು ಸುಮಾರು 2.4 ಎಲೆಕ್ಟ್ರಾನ್ ವೋಲ್ಟಿನಿಂದಲೇ ಬೆಳಕನ್ನು ಹೀರಲು ಶುರುಮಾಡುತ್ತವೆ. ನೀಲಿ ಹೋಗುತ್ತದೆ, ಹಳದಿ ಉಳಿಯುತ್ತದೆ. ತಾಮ್ರದಲ್ಲಿ ಈ ಗಡಿ 2.1ರ ಆಸುಪಾಸು, ಹಾಗಾಗಿ ಅದು ಕೆಂಪು. ಬೆಳ್ಳಿಯಲ್ಲಿ ಗಡಿ 4ರ ಹತ್ತಿರ, ನೇರಳಾತೀತದಲ್ಲಿ, ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಡಿ-ಎಲೆಕ್ಟ್ರಾನ್‌ಗಳು ಗುಂಪಿನ ತೂಗಾಟಕ್ಕೂ ಕೈ ಹಾಕುತ್ತವೆ. ಬೆಳ್ಳಿಯಲ್ಲಿ 9 ಇರಬೇಕಿದ್ದ ಪ್ಲಾಸ್ಮಾ ಗಡಿಯನ್ನು 3.8ಕ್ಕೆ ಎಳೆದು ತರುವುದು ಅವೇ. ಡಿ-ಎಲೆಕ್ಟ್ರಾನ್‌ಗಳ ತಂಟೆ ಇಲ್ಲದ ಅಲ್ಯೂಮಿನಿಯಂ ನೋಡಿ: ತೆಳು ಹಾಳೆಯೊಳಗೆ ವೇಗದ ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಅದು 15, 30, 45 ಎಲೆಕ್ಟ್ರಾನ್ ವೋಲ್ಟ್ ಹೀಗೆ ಗಂಟುಗಂಟಾಗಿ ಶಕ್ತಿ ಕಳೆದುಕೊಂಡು ಆಚೆ ಬರುತ್ತದೆ. ಒಂದೊಂದು ಗಂಟೂ ಗುಂಪಿನ ಒಂದೊಂದು ತೂಗಾಟ. ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ 1950ರ ದಶಕದ ಆರಂಭದಲ್ಲಿ ಇದರ ಸಿದ್ಧಾಂತ ಕಟ್ಟಿದರು.

ತೋಟದ ಲೈನ್ ಮನೆಗಳಲ್ಲಿ ಜಿಂಕ್ ಶೀಟಿನ ಕೆಳಗೆ ಮೊಬೈಲ್ ಸಿಗ್ನಲ್ ಸಾಯುವುದಕ್ಕೂ ಇದೇ ಗುಂಪು ಕಾರಣ. 1800 ಮೆಗಾಹರ್ಟ್ಸ್ ಅಲೆ ಸತುವಿನೊಳಗೆ ಇಳಿಯುವ ಆಳ ಸುಮಾರು 3 ಮೈಕ್ರಾನ್. ಶೀಟಿನ ಮೇಲಿನ ಸತುವಿನ ಲೇಪವೇ 10–20 ಮೈಕ್ರಾನ್ ಇರುತ್ತದೆ. ಅಲೆ ಒಳಗಿನ ಉಕ್ಕನ್ನು ಮುಟ್ಟುವುದೇ ಇಲ್ಲ, ಲೇಪದಲ್ಲೇ ಮುಗಿಯಿತು. ಒಳಗೆ ಸಿಗುವ ಒಂದೆರಡು ಗೆರೆ ಸಿಗ್ನಲ್ ಕಿಟಕಿ, ಬಾಗಿಲಿನಿಂದ ಬಂದದ್ದು.

ಇಲ್ಲಿಯವರೆಗೆ ಎಲ್ಲ ಸಲೀಸು. ಸ್ವಲ್ಪ ಅತಿಯಾಗಿಯೇ ಸಲೀಸು ಅನ್ನಬೇಕು. ಲೋಹದೊಳಗೆ ಎಲೆಕ್ಟ್ರಾನ್‌ಗಳು ಪರಸ್ಪರ ತಳ್ಳುವ ಶಕ್ತಿ ಅವುಗಳ ಓಡಾಟದ ಶಕ್ತಿಗೇನೂ ಕಮ್ಮಿ ಇಲ್ಲ, ಎರಡೂ ಕೆಲವು ಎಲೆಕ್ಟ್ರಾನ್ ವೋಲ್ಟ್. ಇಷ್ಟು ಜಗಳದ ನಡುವೆಯೂ 1900ರಲ್ಲಿ ಪೌಲ್ ಡ್ರೂಡ ಬರೆದ ಬರೀ ಗೋಲಿಗಳ ಲೆಕ್ಕ ತಾಮ್ರ, ಬೆಳ್ಳಿಗಳಿಗೆ ಅಷ್ಟು ಚೆನ್ನಾಗಿ ಕೂರುವುದು ಹೇಗೆ? ಉತ್ತರ ಸಿಕ್ಕಿದ್ದು 1956ರಲ್ಲಿ, ಲೆವ್ ಲಾಂಡಾವ್ ಅವರಿಂದ. ಪೌಲಿ ನಿಯಮದ ಪ್ರಕಾರ ಖಾಲಿ ಸ್ಥಿತಿ ಇದ್ದರೆ ಮಾತ್ರ ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಅಲ್ಲಿಗೆ ಹೋಗಬಹುದು. ತಣ್ಣಗಿನ ಲೋಹದಲ್ಲಿ ಹತ್ತಿರದ ಸ್ಥಿತಿಗಳೆಲ್ಲ ಭರ್ತಿ. ಹಾಗಾಗಿ ಡಿಕ್ಕಿಗಳು ತಾಪಮಾನದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತವೆ. ಜಗಳ ಉಳಿಯುವುದು ಒಂದು ರೂಪದಲ್ಲಿ: ಎಲೆಕ್ಟ್ರಾನ್ ತನ್ನ ಸುತ್ತಲಿನ ಗೊಂದಲವನ್ನೂ ಹೊತ್ತುಕೊಂಡು ಓಡುವುದರಿಂದ ಭಾರವಾಗುತ್ತದೆ.

ಎಷ್ಟು ಭಾರವಾಯಿತು, ಎಷ್ಟು ಎಲೆಕ್ಟ್ರಾನ್‌ಗಳು ನಿಜವಾಗಿ ಓಡುತ್ತಿವೆ, ಎಷ್ಟು ಸಿಕ್ಕಿಹಾಕಿಕೊಂಡಿವೆ ಎಂದು ಹೇಳಬಲ್ಲ ಅತ್ಯಂತ ಪ್ರಾಮಾಣಿಕ ಸಾಕ್ಷಿ ಬೆಳಕು. ಕಾರಣ ಒಂದು ನಿಯಮ. ಸೊನ್ನೆಯಿಂದ ಹಿಡಿದು ಎಕ್ಸ್-ಕಿರಣದ ಆಚೆಯವರೆಗೆ, ಎಲ್ಲ ಆವರ್ತನಗಳಲ್ಲಿ ಒಂದು ವಸ್ತು ಬೆಳಕನ್ನು ಎಷ್ಟು ಹೀರುತ್ತದೆ ಎಂದು ಕೂಡಿದರೆ ಬರುವ ಮೊತ್ತ ಎಲೆಕ್ಟ್ರಾನ್‌ಗಳ ಸಂಖ್ಯೆ, ವಿದ್ಯುದಂಶ ಮತ್ತು ಅವುಗಳ ಸ್ವಂತ ರಾಶಿಯ ಮೇಲೆ ಮಾತ್ರ ನಿಂತಿದೆ. ಎಲೆಕ್ಟ್ರಾನ್‌ಗಳು ಜಗಳವಾಡಲಿ ಬಿಡಲಿ, ತಾಪಮಾನ ಏರಲಿ ಇಳಿಯಲಿ, ಮೊತ್ತ ಕದಲುವುದಿಲ್ಲ. ಕಾಫಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 50 ಕೆ.ಜಿ. ಮೂಟೆ ರೊಬಸ್ಟಾ ಚೆರ್ರಿಯಲ್ಲಿ 26 ಕೆ.ಜಿ. ಬೀಜ ಬಂದರೆ 26 ಓಟಿ. ಉಳಿದ 24 ಮಾಯವಾಗಿಲ್ಲ, ಸಿಪ್ಪೆಯಲ್ಲೋ ತೇವದಲ್ಲೋ ಇರಲೇಬೇಕು. ಸಿಗಲಿಲ್ಲವೆಂದರೆ ತಕ್ಕಡಿ ನೋಡಬೇಕು. ಬೆಳಕಿನ ಲೆಕ್ಕದಲ್ಲೂ ಒಂದು ಆವರ್ತನದಲ್ಲಿ ಹೀರಿಕೆ ತಗ್ಗಿದರೆ ಇನ್ನೊಂದರಲ್ಲಿ ಏರಬೇಕು. ಹೀಗೆ ಜಾಗ ಬದಲಿಸುವ ಹೀರಿಕೆಯ ಪಾಲನ್ನೇ ಇಲ್ಲಿ ತೂಕ ಎನ್ನುವುದು, ಈ ಮೊತ್ತದ ನಿಯಮವೇ ನಮ್ಮ ತಕ್ಕಡಿ. ಎಷ್ಟು ದೂರದಲ್ಲಿ ಏರಿತು ಅನ್ನುವುದೇ ನಮಗೆ ಬೇಕಾದ ಸುದ್ದಿ.

ಅಳೆಯುವುದು ಹೇಗೆ? ಒಂದೆರಡು ಮಿಲಿಮೀಟರ್ ಅಗಲದ ಹರಳು ಸಾಕು. ಅದರ ಮೇಲೆ ಬೆಳಕು ಬಿಟ್ಟು ಎಷ್ಟು ಪಾಲು ಹಿಂದಕ್ಕೆ ಬಂತು ಎಂದು ದೂರದ ಅವಗೆಂಪಿನಿಂದ ನೇರಳಾತೀತದವರೆಗೆ ಎಫ್‌ಟಿಐಆರ್ (ಅವಗೆಂಪು ಬೆಳಕನ್ನು ಆವರ್ತನವಾರು ಅಳೆಯುವ ಯಂತ್ರ) ಮತ್ತು ಎಲಿಪ್ಸೋಮೀಟರಿನಲ್ಲಿ (ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಹೇಗೆ ಬದಲಾಯಿತೆಂದು ನೋಡುವ ಯಂತ್ರ) ಅಳೆಯುತ್ತಾರೆ. ಹೋಲಿಸಲು ಒಂದು ಕನ್ನಡಿ ಬೇಕು. ಬೇರೆ ಕನ್ನಡಿ ಇಟ್ಟರೆ ಹರಳಿನ ಆಕಾರ, ಮೇಲ್ಮೈಯ ಒರಟು, ಓರೆ ಎಲ್ಲ ಲೆಕ್ಕಕ್ಕೆ ಸೇರಿ ಎಡವಟ್ಟಾಗುತ್ತದೆ. ಆದ್ದರಿಂದ ಹರಳನ್ನು ತಣ್ಣಗಿಡುವ ಪಾತ್ರೆಯಾದ ಕ್ರಯೋಸ್ಟಾಟಿನ ನಿರ್ವಾತದಲ್ಲಿ ಹರಳನ್ನು ಅಳೆದು, ಅದು ಕೂತಲ್ಲೇ ಅದರ ಮೇಲೆ ಚಿನ್ನ ಆವಿಮಾಡಿ ಲೇಪಿಸಿ, ಅದೇ ತಾಪಮಾನಗಳಲ್ಲಿ ಮತ್ತೆ ಅಳೆಯುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಚಿನ್ನದ ಗೊತ್ತಿರುವ ಪ್ರತಿಫಲನದಿಂದ ಗುಣಿಸಿದರೆ ಆಕಾರದ ದೋಷ ತಾನಾಗಿ ಹೊಡೆದುಹೋಗುತ್ತದೆ. ನಂತರ ಕ್ರಾಮರ್ಸ್–ಕ್ರೋನಿಗ್ ಗಣಿತದಿಂದ ಪ್ರತಿಫಲನವನ್ನು ವಾಹಕತೆಗೆ ತಿರುಗಿಸುತ್ತಾರೆ. ಆಯಾ ಆವರ್ತನದ ವಾಹಕತೆಯೇ ಅಲ್ಲಿನ ಹೀರಿಕೆಯ ಅಳತೆ.

ಈ ಗಣಿತಕ್ಕೆ ಸೊನ್ನೆಯಿಂದ ಅನಂತದವರೆಗೆ ಪ್ರತಿಫಲನ ಗೊತ್ತಿರಬೇಕು. ಯಾರ ಬಳಿಯೂ ಅದಿರುವುದಿಲ್ಲ. ಕೆಳತುದಿಯಲ್ಲಿ ಲೋಹದ ಪ್ರತಿಫಲನವನ್ನು ವಾಹಕತೆಗೆ ಜೋಡಿಸುವ 1903ರ ಹಾಗೆನ್–ರೂಬೆನ್ಸ್ ಸೂತ್ರ ಹಾಕಿ ಮುಂದುವರಿಸುತ್ತಾರೆ, ಮೇಲ್ತುದಿಯಲ್ಲಿ ಆವರ್ತನದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಸುತ್ತಾರೆ. ಹೆಚ್ಚಿನ ಅನಾಹುತ ಆಗುವುದು ಕೆಳತುದಿಯಲ್ಲಿ. ಅಲ್ಲಿ ವಾಹಕತೆ ಅವಲಂಬಿಸಿರುವುದು ಪ್ರತಿಫಲನದ ಮೇಲಲ್ಲ, ಪ್ರತಿಫಲನ ನೂರಕ್ಕೆ ಎಷ್ಟು ಕಮ್ಮಿ ಇದೆ ಎಂಬುದರ ವರ್ಗದ ಮೇಲೆ, ಅದೂ ವಿಲೋಮವಾಗಿ. ನಿಜವಾದ ಬೆಲೆ ಶೇ. 98 ಇದ್ದು ನಾವು 99 ಎಂದು ಓದಿದರೆ ವಾಹಕತೆ ನಾಲ್ಕು ಪಟ್ಟು ಹೆಚ್ಚು ಬರುತ್ತದೆ. 97 ಎಂದು ಓದಿದರೆ ಅರ್ಧಕ್ಕಿಂತ ಕಡಿಮೆ. ಶೇ. 1ರ ತಪ್ಪು ಅಂತ ಬಾಯಲ್ಲಿ ಹೇಳುವುದಕ್ಕೆ ಚಿಕ್ಕದು, ಅಷ್ಟೇ. ಅದಕ್ಕೇ ಅದೇ ಹರಳಿಗೆ ನಾಲ್ಕು ತಂತಿ ಕಟ್ಟಿ ನೇರ ವಿದ್ಯುತ್ತಿನ ವಾಹಕತೆಯನ್ನೂ ಅಳೆದು, ಬೆಳಕಿನ ರೇಖೆ ಆ ಬಿಂದುವಿಗೆ ಬಂದು ಸೇರುತ್ತದೆಯೇ ಎಂದು ನೋಡಬೇಕು. ಇದನ್ನು ಮಾಡದ ಪ್ರಬಂಧ ಓದುವಾಗ ಒಂದು ಕಣ್ಣಲ್ಲಿ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಪಾಲಿಶ್ ಇನ್ನೊಂದು ಬಲೆ. ಉಜ್ಜಿದಷ್ಟೂ ಮೇಲ್ಮೈ ಚೆನ್ನಾಗಿ ಹೊಳೆಯುತ್ತದೆ. ಆದರೆ ಬೆಳಕು ಇಂಥ ವಸ್ತುಗಳೊಳಗೆ ಇಳಿಯುವುದು ನೂರಾರು ನ್ಯಾನೋಮೀಟರ್ ಮಾತ್ರ, ಉಜ್ಜಿದ ಪೆಟ್ಟು ಅದಕ್ಕಿಂತ ಆಳಕ್ಕೆ ಹೋಗಿರಬಹುದು. ಆಗ ಅಳೆದದ್ದು ಹರಳನ್ನಲ್ಲ, ಗಾಯವನ್ನು. ಆಗುವುದಾದರೆ ಹರಳನ್ನು ಸೀಳಿ ತಾಜಾ ಮುಖ ಅಳೆಯಬೇಕು. ಉಜ್ಜಲೇಬೇಕೆಂದರೆ ಆಮೇಲೆ ಕಾಸಿ ಪೆಟ್ಟು ವಾಸಿಮಾಡಬೇಕು.

ನಮ್ಮ ಕೊಡಗಿನ ಕಡೆಯ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಶತ್ರು. ಮಡಿಕೇರಿ, ಭಾಗಮಂಡಲದ ಕಡೆ ಕಕ್ಕಡದ ಮಳೆ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಎಫ್‌ಟಿಐಆರ್ ಒಳಗಿನ ಬೆಳಕನ್ನು ಎರಡಾಗಿ ಸೀಳುವ ಪೊಟ್ಯಾಸಿಯಂ ಬ್ರೋಮೈಡ್ ಬೀಮ್‌ಸ್ಪ್ಲಿಟರ್ ಉಪ್ಪಿನ ಜಾತಿ. ತೇವ ಹೀರಿ ಹಾಲಿನಂತೆ ಮಸುಕಾದರೆ ಮತ್ತೆ ಸರಿಹೋಗುವುದಿಲ್ಲ. ಉಪಕರಣವನ್ನು ಆರಿಸಿ ಇಡುವ ಅಭ್ಯಾಸ ಮಳೆಗಾಲದಲ್ಲಿ ಬಿಡಬೇಕು. ಒಳಗೆ ಒಣ ನೈಟ್ರೋಜನ್ ಹರಿಯುತ್ತಲೇ ಇರಲಿ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ಕೂಡಲೇ ತೆಗೆದು 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಸಿ ಹಾಕಬೇಕು. ನೀರಿನ ಆವಿ 2.7 ಮತ್ತು 6.3 ಮೈಕ್ರಾನ್ ಸುತ್ತ ಹಾಗೂ ದೂರದ ಅವಗೆಂಪಿನ ತುಂಬ ಚೂಪು ಚೂಪು ಗೆರೆ ಎಳೆಯುತ್ತದೆ. 4.26 ಮೈಕ್ರಾನಿನಲ್ಲಿ ಗೆರೆ ಕಂಡರೆ ಅದು ಕಾರ್ಬನ್ ಡೈಆಕ್ಸೈಡ್, ಯಾರೋ ಮುಚ್ಚಳ ತೆರೆದು ಮೇಲೆ ಬಗ್ಗಿ ಉಸಿರಾಡಿದ್ದಾರೆ. ಹರಳನ್ನು ತಣ್ಣಗೆ ಮಾಡಿದಾಗ 3.1 ಮೈಕ್ರಾನ್ ಬಳಿ ಅಗಲವಾದ ಗುಂಡಿ ಬಿದ್ದು ಗಂಟೆಗಂಟೆಗೂ ಆಳವಾಗುತ್ತಿದ್ದರೆ ಅದು ಭೌತವಿಜ್ಞಾನ ಅಲ್ಲ, ಕ್ರಯೋಸ್ಟಾಟ್ ಸೋರಿ ಹರಳಿನ ಮೇಲೆ ಮಂಜುಗಡ್ಡೆ ಕೂರುತ್ತಿದೆ.

ಇನ್ನು ಈ ತಕ್ಕಡಿಗೆ ಹಾಕಬೇಕಾದ ವಸ್ತುಗಳ ಮಾತು. 1937ರಲ್ಲಿ ಡಿ ಬೋಯರ್ ಮತ್ತು ವೆರ್ವೇ ಒಂದು ಮುಜುಗರದ ಸಂಗತಿ ಎತ್ತಿದರು. ನಿಕ್ಕಲ್ ಆಕ್ಸೈಡಿನಲ್ಲಿ ಡಿ-ಪಟ್ಟಿ (ಡಿ-ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಗಳ ಸಾಲು) ಅರ್ಧಂಬರ್ಧ ತುಂಬಿದೆ, ಅಂದರೆ ಪುಸ್ತಕದ ಪ್ರಕಾರ ಅದು ಲೋಹ. ಕೈಯಲ್ಲಿ ಹಿಡಿದರೆ ಹಸಿರು ಬಣ್ಣದ ಅವಾಹಕ. ಕಾರಣ ಜಗಳ ಎಂದು ಅದೇ ವರ್ಷ ಪಯರ್ಲ್ಸ್ ಮತ್ತು ಮಾಟ್ ಗುರುತಿಸಿದರು. ಒಂದೇ ಪರಮಾಣುವಿನ ಮೇಲೆ ಇನ್ನೊಂದು ಎಲೆಕ್ಟ್ರಾನ್ ಬಂದು ಕೂರಲು ಹಲವು ಎಲೆಕ್ಟ್ರಾನ್ ವೋಲ್ಟ್ ದಂಡ ಕಟ್ಟಬೇಕು. ನೆರೆಗೆ ಜಿಗಿದು ಸಿಗುವ ಲಾಭ ಅದಕ್ಕಿಂತ ಕಮ್ಮಿ. ಹಾಗಾಗಿ ಎಲ್ಲರೂ ಇದ್ದಲ್ಲೇ ಇರುತ್ತಾರೆ. ಇದನ್ನೇ ಮಾಟ್ ಅವಾಹಕ ಎನ್ನುತ್ತಾರೆ.

ಇಂಥ ವಸ್ತುವಿನಿಂದ ಒಂದೇ ಒಂದು ಎಲೆಕ್ಟ್ರಾನ್ ತೆಗೆದರೆ ಏನಾಗುತ್ತದೆ ಎಂಬುದನ್ನು ಬೆರಳಲ್ಲೇ ಎಣಿಸಬಹುದು, ಎಣಿಸಿ ನೋಡಬೇಕು. ಹತ್ತು ಪರಮಾಣು, ತಲಾ ಒಂದು ಎಲೆಕ್ಟ್ರಾನ್ ಇಟ್ಟುಕೊಳ್ಳಿ. ಎಲೆಕ್ಟ್ರಾನ್ ತೆಗೆಯಲು ಹತ್ತು ದಾರಿ. ಇನ್ನೊಂದನ್ನು ಸೇರಿಸಲೂ ಹತ್ತು ದಾರಿ, ಆದರೆ ಪ್ರತಿಯೊಂದಕ್ಕೂ ದಂಡ ಕಟ್ಟಬೇಕು, ಅವು ಶಕ್ತಿಯಲ್ಲಿ ಬಹಳ ಮೇಲಿವೆ. ಕೆಳಗೆ ಹತ್ತು, ಮೇಲೆ ಹತ್ತು. ಈಗ ಒಂದು ಎಲೆಕ್ಟ್ರಾನ್ ತೆಗೆದುಹಾಕಿ. ತೆಗೆಯಲು ಉಳಿದದ್ದು ಒಂಬತ್ತು ದಾರಿ. ದಂಡ ಕಟ್ಟಿ ಸೇರಿಸಲೂ ಒಂಬತ್ತೇ, ಯಾಕೆಂದರೆ ಕೂತಿರುವವರು ಒಂಬತ್ತೇ ಮಂದಿ. ಖಾಲಿಯಾದ ಜಾಗಕ್ಕೆ ದಂಡವಿಲ್ಲದೆ ಬರಬಹುದು, ಸ್ಪಿನ್ (ಎಲೆಕ್ಟ್ರಾನಿನ ಸ್ವಂತ ಗಿರಕಿ) ಮೇಲ್ಮುಖವಾಗಿ ಒಂದು ದಾರಿ, ಕೆಳಮುಖವಾಗಿ ಇನ್ನೊಂದು. ಒಂಬತ್ತು, ಒಂಬತ್ತು, ಎರಡು. ಮೊತ್ತ ಇಪ್ಪತ್ತೇ. ಆದರೆ ಕೆಳಶಕ್ತಿಯಲ್ಲಿ ಹುಟ್ಟಿದ್ದು ಎರಡು ಸ್ಥಿತಿ, ಮತ್ತು ಅದರಲ್ಲಿ ಒಂದು ಬಂದಿದ್ದು ಹಲವು ಎಲೆಕ್ಟ್ರಾನ್ ವೋಲ್ಟ್ ಮೇಲಿನ ಪಟ್ಟಿಯಿಂದ. ಸಿಲಿಕಾನಿನಿಂದ ಒಂದು ಎಲೆಕ್ಟ್ರಾನ್ ತೆಗೆದರೆ ಹುಟ್ಟುವುದು ಒಂದೇ ಖಾಲಿ ಸ್ಥಿತಿ, ಮೇಲಿನ ಪಟ್ಟಿಗೆ ಸುದ್ದಿಯೂ ಮುಟ್ಟುವುದಿಲ್ಲ. ಎಸ್ಕೆಸ್, ಮೈಂಡರ್ಸ್ ಮತ್ತು ಸವಾಟ್ಸ್ಕಿ 1991ರಲ್ಲಿ ಬರೆದ ಲೆಕ್ಕದ ತಿರುಳು ಇದು. ಜಿಗಿತ ಜೋರಾದಾಗ ಎರಡಕ್ಕಿಂತಲೂ ಹೆಚ್ಚು ಕೆಳಗೆ ಇಳಿಯುತ್ತದೆ.

ಅದೇ 1991ರಲ್ಲಿ ಉಚಿದಾ ಮತ್ತು ಸಂಗಡಿಗರು ಲ್ಯಾಂಥನಮ್ ತಾಮ್ರ ಆಕ್ಸೈಡಿಗೆ ಸ್ವಲ್ಪ ಸ್ವಲ್ಪವೇ ಸ್ಟ್ರಾಂಷಿಯಂ ಬೆರೆಸುತ್ತ ಹೋಗಿ ಬೆಳಕಿನಲ್ಲಿ ಅಳೆದರು. ಬೆರೆಸದಿದ್ದಾಗ 2 ಎಲೆಕ್ಟ್ರಾನ್ ವೋಲ್ಟ್ ಬಳಿ ಎದ್ದು ನಿಂತಿದ್ದ ಹೀರಿಕೆ ಕರಗುತ್ತ, ಅದರ ತೂಕ ಅವಗೆಂಪಿಗೆ ಇಳಿದುಬಂತು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್ ಹೆಚ್ಚಿನ ತಾಪಮಾನದ ಅತಿವಾಹಕತೆ (ತಡೆಯೇ ಇಲ್ಲದೆ ವಿದ್ಯುತ್ ಹರಿಯುವುದು) ಕಂಡದ್ದು ಇದೇ ಕುಟುಂಬದ ವಸ್ತುವಿನಲ್ಲಿ. ಒಂದು ಎಲೆಕ್ಟ್ರಾನ್ ಹೇಗೆ ಹೋಗುತ್ತದೆ ಎಂದಷ್ಟೇ ಕೇಳುವ ಸಿದ್ಧಾಂತಕ್ಕೆ ಈ ಇಳಿತ ಅರ್ಥವೇ ಆಗುವುದಿಲ್ಲ.

ಅರ್ಥಮಾಡಿಕೊಳ್ಳುವ ಗಣಿತದಲ್ಲಿ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಆರ್. ಕೃಷ್ಣಮೂರ್ತಿಯವರು ವಿಲ್ಕಿನ್ಸ್ ಮತ್ತು ಕೆನೆತ್ ವಿಲ್ಸನ್ ಜೊತೆ 1980ರಲ್ಲಿ, ಲೋಹದೊಳಗೆ ಕೂತ ಒಂದೇ ಒಂದು ಜಗಳಗಂಟ ಪರಮಾಣುವಿನ ಸಮಸ್ಯೆಯನ್ನು ಬಿಡಿಸಿದ್ದರು. 1992ರಲ್ಲಿ ಜಾರ್ಜ್ ಮತ್ತು ಕೋಟ್ಲಿಯಾರ್ ಇಡೀ ಹರಳಿನ ಸಮಸ್ಯೆಯನ್ನು ಅಂಥ ಒಂದು ಪರಮಾಣುವಿನ ಸಮಸ್ಯೆಗೆ ಇಳಿಸಬಹುದೆಂದು ತೋರಿಸಿದಾಗ ಆ ಹಳೆಯ ಕೆಲಸ ಹೊಸದಾಗಿ ಬಳಕೆಗೆ ಬಂತು.

ಕಾಲೇಜಿನ ಮೇಷ್ಟ್ರುಗಳು ಮೇಜಿನ ಮೇಲೆ ತೋರಿಸಬಹುದಾದದ್ದು ಒಂದಿದೆ, ವೆನೇಡಿಯಂ ಡೈಆಕ್ಸೈಡ್. 1959ರಲ್ಲಿ ಮೋರಿನ್ ಗಮನಿಸಿದಂತೆ ಇದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವಾಹಕದಿಂದ ಲೋಹವಾಗುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು 96 ಡಿಗ್ರಿ ಹತ್ತಿರ, ಹಾಗಾಗಿ ಕೆಟಲ್ ನೀರೇ ಧಾರಾಳ. ನೀಲಮಣಿ ಬಿಲ್ಲೆಯ ಮೇಲೆ 100 ನ್ಯಾನೋಮೀಟರ್ ದಪ್ಪದ ಪದರ ಇರುವ ತುಣುಕು ತರಿಸಿಕೊಳ್ಳಿ. ಎರಡು ಕಡೆ ಸಿಲ್ವರ್ ಪೇಸ್ಟಿನಿಂದ ತಂತಿ ಅಂಟಿಸಿ, ಬಿಲ್ಲೆಯ ಹಿಂಬದಿಗೆ ತಾಪಮಾನ ಅಳೆಯುವ ಥರ್ಮೋಕಪಲ್ ಒತ್ತಿ, ಅಲ್ಯೂಮಿನಿಯಂ ಪಟ್ಟಿಯ ಮೇಲಿಟ್ಟು ನಿಧಾನವಾಗಿ ಕಾಸಿ. ಒಳ್ಳೆಯ ಪದರವಾದರೆ ಮಲ್ಟಿಮೀಟರಿನಲ್ಲಿ ಲಕ್ಷ ಓಮ್ ಮೇಲಿದ್ದದ್ದು ಕೆಲವೇ ಡಿಗ್ರಿ ಒಳಗೆ ನೂರು ಓಮ್ ಕೆಳಗೆ ಬೀಳುತ್ತದೆ. ಆರಿಸುವಾಗ ಅದೇ ತಾಪಮಾನದಲ್ಲಿ ವಾಪಸ್ ಏರುವುದಿಲ್ಲ, ಐದಾರು ಡಿಗ್ರಿ ಕೆಳಗೆ ಏರುತ್ತದೆ. ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಬೇಗ ಕಾಸಿದರೆ ಥರ್ಮೋಕಪಲ್ ಹಿಂದೆ ಬಿದ್ದು ಈ ಅಂತರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬೆಳಕಿನಲ್ಲೂ ತೋರಿಸಬೇಕೆಂದು ಟಿ.ವಿ. ರಿಮೋಟ್ ಹಿಡಿಯುವವರಿಗೆ ನಿರಾಸೆ ಕಾದಿದೆ. ರಿಮೋಟಿನ ಬೆಳಕು 940 ನ್ಯಾನೋಮೀಟರ್, ಅಲ್ಲಿ ಎರಡು ಸ್ಥಿತಿಗಳ ವ್ಯತ್ಯಾಸ ಕಡಿಮೆ. ದೊಡ್ಡ ವ್ಯತ್ಯಾಸ ಇರುವುದು 2 ಮೈಕ್ರಾನ್ ಕಡೆ. ಹಳೇ ತಂತಿ ಬಲ್ಬಿನ ಬೆಳಕಿನ ಹೆಚ್ಚು ಪಾಲು ಅವಗೆಂಪು. ಅದನ್ನೇ ಪದರದ ಮೂಲಕ, ಬೀಳುವ ಶಾಖ ಅಳೆಯುವ ಥರ್ಮೋಪೈಲಿಗೆ ಬಿಟ್ಟರೆ ಕಣ್ಣಿಗೆ ಏನೂ ಬದಲಾಗದಂತೆ ಕಂಡರೂ ಮೀಟರ್ ಇಳಿಯುತ್ತದೆ. ಬಿಸಿ ಬಿಲ್ಲೆಯೇ ಥರ್ಮೋಪೈಲಿಗೆ ಶಾಖ ಸೂಸುತ್ತದೆ ಎಂಬುದನ್ನು ಮರೆಯಬಾರದು. ಬಲ್ಬ್ ಆರಿಸಿದಾಗಿನ ಅಳತೆಯನ್ನು ಪ್ರತಿ ಸಲ ಕಳೆಯಬೇಕು.

ಪದರ ಕೆಡುವುದು ಆಮ್ಲಜನಕದಿಂದ. ತಯಾರಿಸುವಾಗ ಸ್ವಲ್ಪ ಹೆಚ್ಚಾದರೆ ಹಳದಿ ಪೆಂಟಾಕ್ಸೈಡ್, ಕಮ್ಮಿಯಾದರೆ ಬೇರೆ ಆಕ್ಸೈಡುಗಳು, ಯಾವುದಕ್ಕೂ 68 ಡಿಗ್ರಿ ನೆಗೆತ ಇಲ್ಲ. ತೇವದ ಗಾಳಿಯಲ್ಲಿಟ್ಟರೆ ಒಳ್ಳೆಯ ಪದರವೂ ಕಾಲಕ್ರಮೇಣ ಪೆಂಟಾಕ್ಸೈಡಿನತ್ತ ಜಾರುತ್ತದೆ. ಕೊಡಗಿನಲ್ಲಿ ಇದನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಡದಿದ್ದರೆ ಮುಂದಿನ ವರ್ಷದ ತರಗತಿಗೆ ಹೊಸದು ತರಿಸಬೇಕಾದೀತು.

ಈ ಪುಟ್ಟ ಬಿಲ್ಲೆಯಲ್ಲಿ ನಡೆಯುವುದರ ಅಳತೆ ನೋಡಿ. 68 ಡಿಗ್ರಿಯಲ್ಲಿ ಶಾಖದ ಶಕ್ತಿ ಸುಮಾರು 0.03 ಎಲೆಕ್ಟ್ರಾನ್ ವೋಲ್ಟ್. ಮುಚ್ಚಿಹೋಗುವ ಅಂತರ, ಅಂದರೆ ತುಂಬಿದ ಮತ್ತು ಖಾಲಿ ಸ್ಥಿತಿಗಳ ನಡುವಿನ ಶಕ್ತಿಯ ಕಂದಕ, ಸುಮಾರು 0.6. ಅದನ್ನು ತುಂಬಲು ತೂಕ ಬರುವುದು ಅದಕ್ಕೂ ಮೇಲಿನ, ಹಲವು ಎಲೆಕ್ಟ್ರಾನ್ ವೋಲ್ಟ್ ದೂರದ ಹೀರಿಕೆಗಳಿಂದ. ಇಷ್ಟು ಚಿಕ್ಕ ತಳ್ಳಿಗೆ ಅಷ್ಟು ದೂರದವರು ಕದಲುವುದು ಗುಂಪಿನಲ್ಲಿ ಮಾತ್ರ ಸಾಧ್ಯ. ಇದರಲ್ಲಿ ಜಗಳ ಒಂದೇ ಕಾರಣ ಎನ್ನುವಂತಿಲ್ಲ, ವೆನೇಡಿಯಂ ಪರಮಾಣುಗಳು ಜೋಡಿಜೋಡಿಯಾಗಿ ಹತ್ತಿರ ಸರಿಯುವುದೂ ಸೇರಿದೆ. ಯಾವುದು ಮೊದಲು ಎಂಬ ವಾದ ದಶಕಗಳಿಂದ ನಡೆದಿದೆ. 2001ರಲ್ಲಿ ಕವಲ್ಲೇರಿ ಮತ್ತು ಸಂಗಡಿಗರು ಫೆಮ್ಟೋಸೆಕೆಂಡ್ ಲೇಸರಿನಿಂದ ಪದರವನ್ನು ತಟ್ಟಿ ಹಿಂದೆಯೇ ಇನ್ನೊಂದು ಮಿಂಚು ಕಳಿಸಿ ನೋಡಿದ್ದು ಇದನ್ನೇ ಬೇರ್ಪಡಿಸಲು. ಅಂಥ ಪ್ರಯೋಗದ ದೊಡ್ಡ ಮೋಸ ಶೇಖರವಾಗುವ ಶಾಖ. ಪದರ ಆರುವ ಮುಂಚೆ ಮುಂದಿನ ಮಿಂಚು ಬಂದರೆ ನಾವು ನೋಡುವುದು ಬೆಳಕಿನ ಕೆಲಸವನ್ನಲ್ಲ, ಒಲೆಯ ಕೆಲಸವನ್ನು. ಮಿಂಚಿನ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಅದೇ ಉತ್ತರ ಬರುತ್ತದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ.

ಎಲೆಕ್ಟ್ರಾನ್ ಭಾರವಾಗುವುದಕ್ಕೂ ಮಿತಿ ಬಹಳ ದೂರವಿದೆ. ಸೀರಿಯಂ, ಯುರೇನಿಯಂ ಇರುವ ಕೆಲವು ಲೋಹಗಳಲ್ಲಿ ಅದು ನೂರಾರು ಪಟ್ಟು ಭಾರವಾಗುತ್ತದೆ. ತಾಮ್ರದ ಎಲೆಕ್ಟ್ರಾನ್ ತನ್ನ ಓಟವನ್ನು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಬೇಗ ಮರೆಯುತ್ತದೆ. ಯುರೇನಿಯಂ, ಪಲ್ಲಾಡಿಯಂ, ಅಲ್ಯೂಮಿನಿಯಂ ಸೇರಿದ ಒಂದು ಲೋಹದಲ್ಲಿ, ಕೆಲವು ಕೆಲ್ವಿನ್ ತಣ್ಣಗಿರುವಾಗ, ಅದೇ ಮರೆವು ಗಿಗಾಹರ್ಟ್ಸ್ ಲೆಕ್ಕಕ್ಕೆ ನಿಧಾನವಾಗುವುದನ್ನು ಷೆಫ್ಲರ್ ಮತ್ತು ಡ್ರೆಸೆಲ್ ಗುಂಪು 2005ರಲ್ಲಿ ಅಳೆಯಿತು. ಜಿಂಕ್ ಶೀಟಿಗೆ ಬಡಿಯುವ ಮೊಬೈಲ್ ಅಲೆಯ ಆವರ್ತನವೂ ಅದೇ ಸುಮಾರಿನದು.

ತಕ್ಕಡಿಗೆ ಅತ್ಯಂತ ಕಠಿಣ ಪರೀಕ್ಷೆ ಅತಿವಾಹಕಗಳದ್ದು. ಸೀಸ, ನಯೋಬಿಯಂಗಳಂಥ ಹಳೆಯ ಅತಿವಾಹಕಗಳಲ್ಲಿ ಅವಗೆಂಪಿನಿಂದ ಕಾಣೆಯಾದ ತೂಕ ಪೂರ್ತಿ ಸೊನ್ನೆ ಆವರ್ತನಕ್ಕೆ ಹೋಗಿ ಸೇರುತ್ತದೆ. ಫೆರೆಲ್, ಗ್ಲೋವರ್, ಟಿಂಕಮ್ 1950ರ ದಶಕದ ಕೊನೆಯಲ್ಲೇ ಈ ಲೆಕ್ಕ ಮುಗಿಸಿದ್ದರು, ಎಲ್ಲ ತೂಕವೂ ಅಂತರದ ಹತ್ತಿರದಿಂದಲೇ ಬರುತ್ತದೆ. ತಾಮ್ರದ ಆಕ್ಸೈಡುಗಳಲ್ಲಿ ಅಷ್ಟು ಸರಳವಿಲ್ಲ. 2002ರಲ್ಲಿ ಮೋಲೆಗ್ರಾಫ್ ಮತ್ತು ವಾನ್ ಡರ್ ಮಾರೆಲ್ ಗುಂಪು ಬಿಸ್ಮತ್ ಇರುವ ಹರಳಿನಲ್ಲಿ, ಅತಿವಾಹಕವಾದಾಗ ದೂರದ ಹೆಚ್ಚಿನ ಶಕ್ತಿಯಿಂದಲೂ ಚೂರು ತೂಕ ಕೆಳಗೆ ಬರುತ್ತದೆ ಎಂದಿತು. 2004ರಲ್ಲಿ ಬೋರಿಸ್ ಮತ್ತು ಸಂಗಡಿಗರು ಎಲಿಪ್ಸೋಮೀಟರಿನಿಂದ ಅಳೆದು ತದ್ವಿರುದ್ಧ ದಿಕ್ಕು ಹೇಳಿದರು. ಎರಡೂ ಕಡೆಯವರು ಹುಡುಕುತ್ತಿದ್ದ ಬದಲಾವಣೆ ಒಟ್ಟು ತೂಕದ ಶೇ. 1ರ ಆಸುಪಾಸಿನದು. ಹರಳನ್ನು ಕೋಣೆಯ ತಾಪಮಾನದಿಂದ 10 ಕೆಲ್ವಿನ್‌ಗೆ ಇಳಿಸಿದಾಗ ಅದು ಕುಗ್ಗಿ, ಘನ ಸೆಂಟಿಮೀಟರಿಗೆ ಇರುವ ಎಲೆಕ್ಟ್ರಾನ್‌ಗಳು ಬರೀ ಅದರಿಂದಲೇ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತವೆ. ಹಾಗಾಗಿ ಈ ವಿಷಯದ ಪ್ರಬಂಧ ಕೈಗೆ ಬಂದರೆ ಮೊದಲು ಹುಡುಕಬೇಕಾದ್ದು, ಕುಗ್ಗಿದ್ದನ್ನು ಕಳೆದಿದ್ದಾರೋ ಇಲ್ಲವೋ, ಮತ್ತು ಕೂಡುವುದನ್ನು ಯಾವ ಆವರ್ತನಕ್ಕೆ ನಿಲ್ಲಿಸಿದ್ದಾರೆ ಎಂಬುದನ್ನು.